ಹತ್ತು ಸೆಂಟಿನ ಪುಸ್ತಕ

1861ರಿಂದ 1865ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಘೋರವಾದ ಅಂತರ್ಯುದ್ಧವು ನಡೆಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂಬ ಹಟದಿಂದ ದಕ್ಷಿಣದ ಹನ್ನೊಂದು ಸಂಸ್ಥಾನಗಳು ಒಕ್ಕೂಟವನ್ನು ತೊರೆದವು. ಒಕ್ಕೂಟವು ಒಡೆಯಬಾರದೆಂದು ಉತ್ತರದವರು ದಂಡೆತ್ತಿ ಹೋದರು. ಆದರೆ ಯುದ್ಧವೆಂದರೆ ದಿನದಿನವೂ ಕಾದಾಟವೇ ಅಲ್ಲ. ಒಂದು ಕಾಳಗಕ್ಕೂ ಮತ್ತೊಂದಕ್ಕೂ ನಡುವೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸೈನಿಕರು ಕೆಸರುನೆಲದಲ್ಲಿ ಹೂಡಿದ ಗುಡಾರಗಳೊಳಗೆ ಸುಮ್ಮನೆ ಕಾಯುತ್ತ ಕುಳಿತಿರಬೇಕಾಗುತ್ತಿತ್ತು. ಮನೆಯ ನೆನಪು, ನಾಳಿನ ಭಯ, ಕೊನೆಗಾಣದ ಬೇಸರ ಇವೇ ಅವರ ಸಂಗಾತಿಗಳಾಗಿದ್ದವು.

ಉತ್ತರದ ಶಿಬಿರಗಳಿಗೆ ಆಹಾರದ ಮೂಟೆಗಳೂ ಮದ್ದುಗುಂಡಿನ ಪೆಟ್ಟಿಗೆಗಳೂ ಬಂದಿಳಿಯುವಾಗ ಅವುಗಳೊಂದಿಗೆ ಮತ್ತೊಂದು ಬಗೆಯ ಕಟ್ಟುಗಳೂ ಬರುತ್ತಿದ್ದವು. ಬಿಚ್ಚಿ ನೋಡಿದರೆ ಒಳಗೆ ಪುಟ್ಟ ಪುಟ್ಟ ಪುಸ್ತಕಗಳು. ಆರು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲ; ಸುಮಾರು ನೂರು ಪುಟ; ಕಿತ್ತಳೆ ಬಣ್ಣದ ತೆಳುಕಾಗದದ ಹೊದಿಕೆ. ಸೈನಿಕನ ಅಂಗಿಯ ಜೇಬಿನಲ್ಲಿ ಸಲೀಸಾಗಿ ಹಿಡಿಸುವಷ್ಟು ಗಾತ್ರ. ಬೆಲೆ ಹತ್ತು ಸೆಂಟು. ಡಾಲರಿನ ಹತ್ತನೆಯ ಒಂದು ಪಾಲಾದ ಆ ಸಣ್ಣ ಬೆಳ್ಳಿಯ ನಾಣ್ಯಕ್ಕೆ ಅಮೆರಿಕದಲ್ಲಿ 'ಡೈಮ್' ಎಂದು ಹೆಸರು. ಆದುದರಿಂದ ಈ ಪುಸ್ತಕಗಳನ್ನು ಜನರು 'ಡೈಮ್ ಕಾದಂಬರಿ'ಗಳೆಂದು ಕರೆದರು. ಸೈನಿಕರು ಅವನ್ನು ಒಬ್ಬರ ಕೈಯಿಂದ ಒಬ್ಬರು ಪಡೆದು, ಹಾಳೆಗಳು ಕಳಚಿ ಬೀಳುವವರೆಗೂ ಓದುತ್ತಿದ್ದರು.

ಆ ಪುಸ್ತಕಗಳ ಮೇಲೆ ಬರೆದವರ ಹೆಸರಿರುತ್ತಿತ್ತು. ಪ್ರಕಟಿಸಿದ ಬೀಡಲ್ ಸಂಸ್ಥೆಯ ಹೆಸರೂ ಇರುತ್ತಿತ್ತು. ಆದರೆ ಯಾವ ಕಥೆ ಅಚ್ಚಾಗಬೇಕು, ಯಾವುದು ಆಗಬಾರದು ಎಂಬುದನ್ನು ಮೂವತ್ತಾರು ವರ್ಷಗಳ ಕಾಲ ತೀರ್ಮಾನಿಸುತ್ತಿದ್ದವನು ಹೊದಿಕೆಯ ಮೇಲೆ ಎಲ್ಲಿಯೂ ಕಾಣಿಸಿಕೊಳ್ಳದ ಇನ್ನೊಬ್ಬ ವ್ಯಕ್ತಿ. ಅವನೇ ಆರ್ವಿಲ್ ಜೇಮ್ಸ್ ವಿಕ್ಟರ್.

ವಿಕ್ಟರನು 1827ರಲ್ಲಿ ಓಹಾಯೋ ಸಂಸ್ಥಾನದ ಸ್ಯಾಂಡಸ್ಕಿ ಎಂಬ ಊರಿನಲ್ಲಿ ಹುಟ್ಟಿದನು. ಈರೀ ಎಂಬ ವಿಶಾಲ ಸರೋವರದ ದಂಡೆಯ ಮೇಲಿರುವ ಬಂದರು ಅದು. ಸಮೀಪದ ನಾರ್ವಾಕ್ ಪಟ್ಟಣದಲ್ಲಿ ಅವನ ವಿದ್ಯಾಭ್ಯಾಸವಾಯಿತು. ಮುಂದೆ ನ್ಯಾಯಶಾಸ್ತ್ರವನ್ನು ಓದಲಾರಂಭಿಸಿದನಾದರೂ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ಊರಿನ ದಿನಪತ್ರಿಕೆಯಾದ 'ಸ್ಯಾಂಡಸ್ಕಿ ಡೈಲಿ ರಿಜಿಸ್ಟರ್'ನ ಸಂಪಾದಕವರ್ಗವನ್ನು ಸೇರಿದನು. ಅಂದಿನ ಸಣ್ಣ ಊರಿನ ಪತ್ರಿಕೆಯಲ್ಲಿ ಸಂಪಾದಕನಾಗುವುದೆಂದರೆ ಬಗೆಬಗೆಯ ಕೆಲಸಕ್ಕೂ ಕೈಹಾಕುವುದೆಂದೇ ಅರ್ಥ. ಬಂದರಿನ ಸುದ್ದಿಯಿಂದ ಹಿಡಿದು ರಾಜಕೀಯದ ಅಗ್ರಲೇಖನದವರೆಗೆ, ಕವಿತೆಯ ಆಯ್ಕೆಯಿಂದ ಕರಡಚ್ಚಿನ ತಿದ್ದುಪಡಿಯವರೆಗೆ ಬಿಡುವಿಲ್ಲದ ದುಡಿಮೆ. ದೊಡ್ಡ ಹಸ್ತಪ್ರತಿಗಳ ರಾಶಿಯ ಮುಂದೆ ಧೃತಿಗೆಡದೆ ಕೂರುವ ಶಕ್ತಿ ಅವನಿಗೆ ಬಹುಶಃ ಇಲ್ಲಿಯೇ ಬಂದಿರಬೇಕು.

ಆ ದಿನಗಳಲ್ಲಿ ಓಹಾಯೋ ಪ್ರಾಂತದಲ್ಲಿ ಫುಲ್ಲರ್ ಮನೆತನದ ಇಬ್ಬರು ಸೋದರಿಯರು ಕವಯಿತ್ರಿಯರೆಂದು ಹೆಸರು ಗಳಿಸಿದ್ದರು. ಹಿರಿಯಳು ಫ್ರಾನ್ಸೆಸ್, ಕಿರಿಯಳು ಮೆಟ್ಟಾ ವಿಕ್ಟೋರಿಯಾ. ಇಬ್ಬರೂ ಸೇರಿ 1851ರಲ್ಲಿ ಒಂದು ಕವನ ಸಂಗ್ರಹವನ್ನು ಹೊರತಂದಿದ್ದರು. ಆಗ ಮೆಟ್ಟಾಳಿಗೆ ಇಪ್ಪತ್ತೇ ವರ್ಷ. 1856ರಲ್ಲಿ ಆಕೆಗೂ ವಿಕ್ಟರನಿಗೂ ವಿವಾಹವಾಯಿತು. ಕೆಲವು ವರ್ಷಗಳ ಮೇಲೆ ಫ್ರಾನ್ಸೆಸಳು ವಿಕ್ಟರನ ತಮ್ಮನ ಕೈಹಿಡಿದಳು. ಹೀಗೆ ಅಕ್ಕತಂಗಿಯರು ಓರಗಿತ್ತಿಯರೂ ಆದರು. ಒಂದೇ ಮನೆತನದಲ್ಲಿ ಮೂವರು ಬರಹಗಾರರು ನೆಲೆಸಿದಂತಾಯಿತು.

ಸ್ಯಾಂಡಸ್ಕಿಯಲ್ಲಿ 1854ರಲ್ಲಿ ಒಂದು ವಿಚಿತ್ರವಾದ ಕಲಾಸಂಘವು ಹುಟ್ಟಿಕೊಂಡಿತ್ತು. ವರ್ಷಕ್ಕೆ ಇಷ್ಟೆಂದು ಚಂದಾ ಕೊಟ್ಟವರಿಗೆ ಓದಲು ಒಂದು ಪತ್ರಿಕೆ ಸಿಕ್ಕುತ್ತಿತ್ತು. ಅದರೊಡನೆ ಚಿತ್ರಗಳನ್ನೂ ಶಿಲ್ಪಗಳನ್ನೂ ಗೆಲ್ಲುವ ಲಾಟರಿಯಲ್ಲಿ ಒಂದು ಅವಕಾಶವೂ ದೊರೆಯುತ್ತಿತ್ತು. ಅರಮನೆಯ ಗೋಡೆಗಷ್ಟೇ ಮೀಸಲಾಗಿದ್ದ ಕಲೆಯನ್ನು ಸಾಮಾನ್ಯರ ಮನೆಗೆ ತಲುಪಿಸುವುದೇ ತನ್ನ ಉದ್ದೇಶವೆಂದು ಸಂಘವು ಸಾರಿಕೊಂಡಿತ್ತು. ಅದರ ಪತ್ರಿಕೆಯಾದ 'ಕಾಸ್ಮೋಪಾಲಿಟನ್ ಆರ್ಟ್ ಜರ್ನಲ್'ಗೆ ವಿಕ್ಟರನು ಸಂಪಾದಕನಾದನು. ಪತ್ರಿಕೆಯ ಕೆಲಸದ ನಿಮಿತ್ತ ದಂಪತಿಗಳು ನ್ಯೂಯಾರ್ಕ್ ನಗರಕ್ಕೆ ಬಂದು ನೆಲೆಸಿದರು. ಅಲ್ಲಿ ಅವರಿಗೆ ಬೀಡಲ್ ಸೋದರರ ಪರಿಚಯವಾಯಿತು.

ಎರಾಸ್ಟಸ್ ಬೀಡಲನು 1821ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕೂಪರ್ಸ್‌ಟೌನ್ ಬಳಿ ಹುಟ್ಟಿದ ರೈತನ ಮಗ. ಹುಡುಗನಾಗಿದ್ದಾಗ ಹಿಟ್ಟಿನ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದನು. ಚೀಲಗಳ ಮೇಲೆ ಗುರುತು ಹಾಕಲು ಅಕ್ಷರದ ಅಚ್ಚುಗಳು ಬೇಕಾದವು. ಬೀಡಲನು ಗಟ್ಟಿಮರದ ತುಂಡುಗಳಲ್ಲಿ ತಾನೇ ಅಕ್ಷರಗಳನ್ನು ಕೆತ್ತಿಕೊಂಡನು. ಆ ಮರದ ಅಕ್ಷರಗಳೇ ಅವನನ್ನು ಮುದ್ರಣದ ಕಸುಬಿಗೆ ಎಳೆದು ತಂದವು. ಮುಂದೆ ಬಫಲೋ ನಗರದಲ್ಲಿ ಅಚ್ಚುಕೂಟವನ್ನು ಇಟ್ಟು, 1858ರ ಸುಮಾರಿಗೆ ನ್ಯೂಯಾರ್ಕಿಗೆ ಬಂದನು. ತಮ್ಮ ಇರ್ವಿನ್, ಗೆಳೆಯ ರಾಬರ್ಟ್ ಆಡಮ್ಸ್ ಅವನ ಪಾಲುಗಾರರು. ಇವರು 1859ರಲ್ಲಿ ಹಾಡುಗಳ ಪುಸ್ತಕವೊಂದನ್ನು ಹತ್ತು ಸೆಂಟಿಗೆ ಮಾರಿದರು. ಪ್ರತಿಗಳು ಬಿಸಿದೋಸೆಯಂತೆ ಖರ್ಚಾದವು. ಹಾಡಿಗೆ ಹತ್ತು ಸೆಂಟು ಕೊಡುವವರು ಕಥೆಗೆ ಕೊಡಲಾರರೇ ಎಂಬ ಯೋಚನೆ ಅವರ ತಲೆಯಲ್ಲಿ ಮೊಳೆಯಿತು.

ಇಂದು ನೋಡಿದರೆ ಇದೇನು ಮಹಾ ಆಲೋಚನೆ ಎನಿಸಬಹುದು. ಆದರೆ ಅಂದು ರಟ್ಟಿನ ಕಾದಂಬರಿಯೊಂದಕ್ಕೆ ಒಂದು ಡಾಲರು, ಒಂದೂವರೆ ಡಾಲರು ಬೆಲೆಯಿತ್ತು. ಕೂಲಿಗಾರನೊಬ್ಬನ ಒಂದು ದಿನದ ದುಡಿಮೆಯೂ ಸುಮಾರು ಒಂದು ಡಾಲರೇ. ಹೊಟ್ಟೆಗೆ ಹಾಕುವ ಮೊದಲು ಕಾದಂಬರಿ ಕೊಳ್ಳುವವರಾರು? ಆದರೂ ಓದಬಲ್ಲವರ ಸಂಖ್ಯೆಯು ದೊಡ್ಡದಾಗಿತ್ತು. ಉತ್ತರದ ಸಂಸ್ಥಾನಗಳಲ್ಲಿ ಸಾರ್ವಜನಿಕ ಶಾಲೆಗಳು ಹಳ್ಳಿಹಳ್ಳಿಗೂ ಹಬ್ಬಿದ್ದವು. ರೈತರ ಮಕ್ಕಳೂ ಕಾರ್ಖಾನೆಯ ಹುಡುಗಿಯರೂ ಅಕ್ಷರ ಕಲಿತಿದ್ದರು. ಆವಿಯ ಬಲದಿಂದ ಓಡುವ ಮುದ್ರಣಯಂತ್ರಗಳು ಬಂದಿದ್ದವು. ಅಚ್ಚಾದದ್ದನ್ನು ಊರೂರಿಗೆ ಒಯ್ಯಲು ರೈಲುದಾರಿಗಳಿದ್ದವು. ಓದುಗನಿದ್ದನು, ಯಂತ್ರವಿತ್ತು, ದಾರಿಯಿತ್ತು. ಬಡವನ ಕೈಗೆಟಕುವ ಪುಸ್ತಕ ಮಾತ್ರ ಇರಲಿಲ್ಲ.

1860ರ ಜೂನ್ ತಿಂಗಳಲ್ಲಿ ಬೀಡಲರ ಮೊದಲನೆಯ ಡೈಮ್ ಕಾದಂಬರಿಯು ಹೊರಬಿದ್ದಿತು. ಅದರ ಹೆಸರು 'ಮಲೇಸ್ಕಾ'. ಬರೆದವಳು ಆಗಲೇ ಪ್ರಖ್ಯಾತಳಾಗಿದ್ದ ಆ್ಯನ್ ಸ್ಟೀಫನ್ಸ್ ಎಂಬ ಲೇಖಕಿ. ಇಪ್ಪತ್ತು ವರ್ಷಗಳ ಹಿಂದೆ ಒಂದು ಮಾಸಪತ್ರಿಕೆಯಲ್ಲಿ ಬಂದಿದ್ದ ಆ ಕಥೆಯನ್ನು ಮರುಮುದ್ರಿಸುವ ಹಕ್ಕಿಗಾಗಿ ಬೀಡಲರು ಆಕೆಗೆ 250 ಡಾಲರುಗಳನ್ನು ಕೊಟ್ಟರು.

ಮಲೇಸ್ಕಾ ಅಮೆರಿಕದ ಮೂಲನಿವಾಸಿಗಳ ಕುಲದವಳು. ಬಿಳಿಯ ಬೇಟೆಗಾರನೊಬ್ಬನನ್ನು ಮದುವೆಯಾಗುತ್ತಾಳೆ. ಅವಳ ಕುಲಕ್ಕೂ ಬಿಳಿಯರಿಗೂ ನಡೆದ ಹೊಡೆದಾಟದಲ್ಲಿ ಗಂಡನು ಸಾಯುತ್ತಾನೆ. ಸಾಯುವಾಗ ಅವನು ಹೇಳಿದಂತೆ ಎಳೆಯ ಮಗನನ್ನೆತ್ತಿಕೊಂಡು ನ್ಯೂಯಾರ್ಕಿನಲ್ಲಿರುವ ಅತ್ತೆಮಾವಂದಿರ ಮನೆಗೆ ಬರುತ್ತಾಳೆ. ಮಾವನು ಮೊಮ್ಮಗನನ್ನು ಸ್ವೀಕರಿಸುತ್ತಾನೆ, ಸೊಸೆಯನ್ನಲ್ಲ. ಮಗುವಿನ ದಾದಿಯಾಗಿ ಮನೆಯಲ್ಲಿರಬಹುದು, ಆದರೆ ತಾನು ತಾಯಿಯೆಂದು ಎಂದೂ ಬಾಯಿಬಿಡಕೂಡದು ಎಂಬುದು ಅವನ ಕಟ್ಟಳೆ. ಮಗನು ತನ್ನ ತಾಯಿಯ ಕುಲವನ್ನೇ ಹೇಸುವ ಬಿಳಿಯನಾಗಿ ಬೆಳೆಯುತ್ತಾನೆ. ವರುಷಗಳ ಮೇಲೆ, ಅವನ ಮದುವೆ ಇನ್ನೇನು ನಡೆಯಬೇಕೆನ್ನುವಾಗ, ತಾಯಿಯು ನಿಜವನ್ನು ನುಡಿಯುತ್ತಾಳೆ. ಆ ಆಘಾತವನ್ನು ತಾಳಲಾರದೆ ಅವನು ನೀರಿಗೆ ಹಾರಿ ಪ್ರಾಣ ಬಿಡುತ್ತಾನೆ. ಮಲೇಸ್ಕಾಳೂ ತನ್ನವರ ಗೋರಿಯ ಬಳಿಯೇ ಕೊನೆಯುಸಿರೆಳೆಯುತ್ತಾಳೆ.

ಕಥೆಯ ಹೆಣಿಗೆಯಲ್ಲಿ ಕಣ್ಣೀರು ಸ್ವಲ್ಪ ಹೆಚ್ಚೇ ಇದೆ. ಆದರೂ ಹತ್ತು ಸೆಂಟಿನ ಮೊದಲ ಪುಸ್ತಕವೇ ಬಣ್ಣದ ಮದದಿಂದಾದ ಒಂದು ಕುಟುಂಬದ ನಾಶವನ್ನು ಹೇಳಿತೆಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಈ ಮಾತು ಮುಂದೆ ಬೇಕಾಗುತ್ತದೆ.

ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಜನರಿಗೆ ಒಂದು ಒಗಟು ಎದುರಾಯಿತು. "ಸೇತ್ ಜೋನ್ಸ್ ಯಾರು?" ಎಂಬ ಪ್ರಶ್ನೆಯೊಂದೇ ಜಾಹೀರಾತುಗಳಲ್ಲಿಯೂ ಭಿತ್ತಿಪತ್ರಗಳಲ್ಲಿಯೂ ಕಾಣಿಸಿಕೊಂಡಿತು. ಬೇರೆ ವಿವರವೇ ಇಲ್ಲ. ಚುನಾವಣೆಗೆ ನಿಂತವನೋ, ಓಡಿಹೋದ ಅಪರಾಧಿಯೋ ಎಂದು ಜನರು ತಲೆ ಕೆಡಿಸಿಕೊಳ್ಳುವಂತಾಯಿತು. ಕೆಲವು ದಿನಗಳಲ್ಲಿ ಉತ್ತರವೂ ಬಂದಿತು. ಗಡಿನಾಡಿನ ಕಾಡಿನಲ್ಲಿ ಅಲೆಯುವ ಸಾಹಸಿಯೊಬ್ಬನ ಚಿತ್ರ. ಅವನೇ ಸೇತ್ ಜೋನ್ಸ್, ಬೀಡಲರ ಹೊಸ ಕಾದಂಬರಿಯ ನಾಯಕ! ಅದನ್ನು ಬರೆದವನು ಎಡ್ವರ್ಡ್ ಎಲ್ಲಿಸ್ ಎಂಬ ಇಪ್ಪತ್ತು ವರ್ಷದ ತರುಣ ಉಪಾಧ್ಯಾಯ. ಅವನಿಗೆ ಸಂದ ಸಂಭಾವನೆ 75 ಡಾಲರು. ಪುಸ್ತಕವು ಲಕ್ಷಗಟ್ಟಲೆ ಮಾರಾಟವಾಯಿತು. ಎಲ್ಲಿಸನು ಬಾಳಿನುದ್ದಕ್ಕೂ ಬರೆಯುತ್ತಲೇ ಹೋದನು.

ಇಂಥ ಭರಾಟೆಯ ನಡುವೆ, 1861ರಲ್ಲಿ, ವಿಕ್ಟರನು ಬೀಡಲ್ ಸಂಸ್ಥೆಯ ಸಂಪಾದಕನಾದನು. ಪುಸ್ತಕಗಳು ಗೆದ್ದಿದ್ದವು. ಇನ್ನು ಎರಡು ವಾರಕ್ಕೋ ತಿಂಗಳಿಗೋ ಒಂದರಂತೆ ತಪ್ಪದೆ ಅವನ್ನು ಒದಗಿಸಬೇಕಾಗಿತ್ತು. ಕಥೆಗಳಿಗಾಗಿ ಹುಡುಕಾಡಬೇಕಾದ ಅಗತ್ಯವಿರಲಿಲ್ಲ. ಪತ್ರಕರ್ತರು, ಉಪಾಧ್ಯಾಯರು, ನಿವೃತ್ತ ಸೈನಿಕರು, ಮನೆಯಲ್ಲಿ ಕುಳಿತು ಬರೆಯುವ ಗೃಹಿಣಿಯರು ಎಲ್ಲರೂ ಹಸ್ತಪ್ರತಿಗಳನ್ನು ಕಳುಹಿಸುವವರೇ. ಆಯ್ಕೆ ಮಾಡುವುದೇ ಕಷ್ಟ.

ವಿಕ್ಟರನು ಲೇಖಕರಿಗಾಗಿ ಒಂದು ನಿಯಮಪತ್ರವನ್ನು ಸಿದ್ಧಪಡಿಸಿದನು. ಸದಭಿರುಚಿಗೆ ಒಗ್ಗದ ಪದವಾಗಲಿ ಸನ್ನಿವೇಶವಾಗಲಿ ಬರಕೂಡದು. ಅನೀತಿಯ ಸೋಂಕುಳ್ಳ ವಸ್ತುವನ್ನು ಆರಿಸಿಕೊಳ್ಳಕೂಡದು. ನಡೆದದ್ದೇ ಆದರೂ ಹೇಳದೆ ಬಿಡುವುದೇ ಲೇಸೆನಿಸುವಂಥದನ್ನು ಹೇಳಕೂಡದು. ಸಂಸಾರದಲ್ಲಿ ಹಿರಿಯರು ಕಿರಿಯರು ಒಟ್ಟಿಗೆ ಕುಳಿತು ಓದಲು ಸಂಕೋಚಪಡುವಂಥ ಮಾತು ಬೇಡ. ಕೈಲಾಗದವರ ಸಪ್ಪೆ ಬರಹ ಬೇಡ. ಕಥೆಯು ಬೇರೊಬ್ಬರಿಂದ ಕದ್ದದ್ದಾಗಿರದೆ ಸ್ವಂತದ್ದಾಗಿರಬೇಕು. ತಾವು ಚಿತ್ರಿಸುವ ಸ್ಥಳವನ್ನೂ ಜನರನ್ನೂ ಲೇಖಕರು ಬಲ್ಲವರಾಗಿರಬೇಕು. ಇವು ಅದರ ಸಾರಾಂಶ.

ಈ ಪಟ್ಟಿಯನ್ನು ಓದಿದವರಿಗೆ ಇದು ಯಾವುದೋ ಧಾರ್ಮಿಕ ಸಂಸ್ಥೆಯ ಕಟ್ಟಳೆಯೆಂದು ತೋರಬಹುದೇ ಹೊರತು ಅಗ್ಗದ ಕಥೆಗಳ ವ್ಯಾಪಾರಿಯ ಕಟ್ಟಳೆಯೆಂದು ತೋರದು. ಬೆಲೆ ಕಡಿಮೆಯಾದರೆ ಸರಕೂ ಕೀಳಾಗಿರಲೇಬೇಕೆಂದು ಲೋಕವು ನಂಬಿತ್ತು. ಹಾಗಾಗಬೇಕಾಗಿಲ್ಲವೆಂಬುದು ವಿಕ್ಟರನ ವಾದ. ಬಡವನಿಗೆ ಅಗ್ಗದ ಪುಸ್ತಕ ಸಲ್ಲಬೇಕು, ಆದರೆ ಹೊಲಸು ಪುಸ್ತಕ ಸಲ್ಲಬಾರದು. ಇದಕ್ಕೆ ತಕ್ಕಂತೆ ಕಥೆಗಳೊಡನೆ ಡೈಮ್ ಬೆಲೆಯ ಜೀವನಚರಿತ್ರೆಗಳೂ ಹೊರಬಂದವು. ಇಟಲಿಯ ಗ್ಯಾರಿಬಾಲ್ಡಿಯ ಚರಿತ್ರೆಯನ್ನೂ 1864ರಲ್ಲಿ ಅಬ್ರಹಾಂ ಲಿಂಕನ್ನನ ಚರಿತ್ರೆಯನ್ನೂ ವಿಕ್ಟರನೇ ಬರೆದನು. ಅಂತರ್ಯುದ್ಧವು ನಡೆಯುತ್ತಿರುವಾಗಲೇ ಅದರ ಇತಿಹಾಸವನ್ನು ಹಲವು ದೊಡ್ಡ ಸಂಪುಟಗಳಲ್ಲಿ ಬರೆಯಲಾರಂಭಿಸಿದನು.

ಸಂಸ್ಥೆಯ ಪುಸ್ತಕಗಳಲ್ಲಿ ವಿಕ್ಟರನಿಗೆ ಅಭಿಮಾನವುಂಟುಮಾಡಿದ್ದೊಂದು ಅವನ ಮನೆಯಲ್ಲಿಯೇ ಹುಟ್ಟಿತು. 1861ರಲ್ಲಿ ಮೆಟ್ಟಾಳು 'ಮಾಮ್ ಗಿನಿ' ಎಂಬ ಕಾದಂಬರಿಯನ್ನು ಬರೆದಳು. ಲೂಸಿಯಾನಾ ಸಂಸ್ಥಾನದ ತೋಟವೊಂದರಲ್ಲಿ ಕ್ರಿಸ್‌ಮಸ್ ಹಬ್ಬದ ವಾರ. ಗುಲಾಮರಿಗೆ ವರ್ಷಕ್ಕೊಮ್ಮೆ ದೊರೆಯುವ ಬಿಡುವು. ರಾತ್ರಿ ಒಂದೆಡೆ ಸೇರಿದಾಗ ಒಬ್ಬೊಬ್ಬರೂ ತಮ್ಮ ತಮ್ಮ ಕಥೆಯನ್ನು ಹೇಳುತ್ತಾರೆ. ಹೇಗೆ ಮಾರಾಟವಾದೆವು, ಗಂಡನಿಂದ ಹೆಂಡತಿಯನ್ನು, ತಾಯಿಯಿಂದ ಮಗುವನ್ನು ಹೇಗೆ ಅಗಲಿಸಿದರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿದ್ದರಲ್ಲಿ ಪುಸ್ತಕದ ಬಲವಿತ್ತು. ಗಾತ್ರ ದೊಡ್ಡದಾದ್ದರಿಂದ ಅದಕ್ಕೆ ಇಪ್ಪತ್ತು ಸೆಂಟು ಬೆಲೆಯಿಟ್ಟರು. ಅದನ್ನು ಲಿಂಕನ್ನನು ಓದಿ ಮೆಚ್ಚಿದನೆಂದು ಪ್ರತೀತಿಯಿದೆ. ಆಗ ಇಂಗ್ಲೆಂಡಿನ ನೂಲಿನ ಗಿರಣಿಗಳು ದಕ್ಷಿಣದ ಹತ್ತಿಯನ್ನೇ ನೆಚ್ಚಿದ್ದುದರಿಂದ ಅಲ್ಲಿ ಅನೇಕರ ಒಲವು ದಕ್ಷಿಣದ ಕಡೆಗಿತ್ತು. ಬೀಡಲರು 1861ರಲ್ಲಿ ಲಂಡನ್ನಿನಲ್ಲಿಯೂ ಶಾಖೆಯನ್ನು ತೆರೆದಿದ್ದರಿಂದ ಮೆಟ್ಟಾಳ ಪುಸ್ತಕವು ಅಲ್ಲಿಯ ಓದುಗರನ್ನೂ ಮುಟ್ಟಿತು.

ಮೆಟ್ಟಾಳ ಇನ್ನೊಂದು ಕೃತಿಯನ್ನು ಇಲ್ಲಿ ಹೇಳದೆ ಬಿಡಲಾಗದು. 1866ರಲ್ಲಿ ಬೀಡಲರ ಮಾಸಪತ್ರಿಕೆಯಲ್ಲಿ 'ದಿ ಡೆಡ್ ಲೆಟರ್' ಎಂಬ ಕಥೆಯು ಧಾರಾವಾಹಿಯಾಗಿ ಬಂದಿತು. ವಿಳಾಸ ಸೇರದೆ ಅಂಚೆಯ ಕಚೇರಿಯಲ್ಲಿ ಕೊಳೆಯುತ್ತಿದ್ದ ಪತ್ರವೊಂದರಿಂದ ಕೊಲೆಯ ಗುಟ್ಟು ಬಯಲಾಗುವ ಕಥೆ ಅದು. ಅಮೆರಿಕದಲ್ಲಿ ಬರೆದ ಮೊದಲನೆಯ ಪೂರ್ಣಪ್ರಮಾಣದ ಪತ್ತೇದಾರಿ ಕಾದಂಬರಿ ಇದೆಂದು ವಿದ್ವಾಂಸರನೇಕರು ಹೇಳುತ್ತಾರೆ. ಷೆರ್ಲಾಕ್ ಹೋಮ್ಸನು ಪುಸ್ತಕದ ಪುಟಗಳಲ್ಲಿ ಕಾಣಿಸಿಕೊಳ್ಳಲು ಇನ್ನೂ ಇಪ್ಪತ್ತೊಂದು ವರ್ಷಗಳಿದ್ದವು. ಆದರೆ ಹೊದಿಕೆಯ ಮೇಲೆ ಮೆಟ್ಟಾಳ ಹೆಸರಿರಲಿಲ್ಲ. ಸೀಲಿ ರೆಜಿಸ್ಟರ್ ಎಂಬ ಕಾವ್ಯನಾಮವಿತ್ತು. ಒಂಬತ್ತು ಮಕ್ಕಳ ತಾಯಿಯಾದ ಆಕೆ ತೊಟ್ಟಿಲು ತೂಗುತ್ತಲೇ ಇಷ್ಟನ್ನು ಬರೆದಳೆಂಬುದು ಸೋಜಿಗ.

ವಿಕ್ಟರನ ಶ್ರಮಕ್ಕೆ ಪಂಡಿತರ ಮನ್ನಣೆಯೂ ಒಮ್ಮೆ ದೊರೆಯಿತು. 'ನಾರ್ತ್ ಅಮೆರಿಕನ್ ರಿವ್ಯೂ' ಎಂಬುದು ಬಾಸ್ಟನ್ನಿನ ಗಂಭೀರವಾದ ಪತ್ರಿಕೆ. 1864ರ ಜುಲೈ ಸಂಚಿಕೆಯಲ್ಲಿ ವಿಲಿಯಂ ಎವರೆಟ್ ಎಂಬವನು ಡೈಮ್ ಪುಸ್ತಕಗಳನ್ನು ಕುರಿತು ಒಂದು ವಿಮರ್ಶೆಯನ್ನು ಬರೆದನು. ನಾಲ್ಕೇ ವರ್ಷಗಳಲ್ಲಿ ಸುಮಾರು ಐವತ್ತು ಲಕ್ಷ ಪ್ರತಿಗಳು ಹರಡಿವೆಯೆಂದು ಅವನು ತಿಳಿಸಿದನು. ಶೈಲಿಯಲ್ಲಿ ಕುಂದುಗಳಿರಬಹುದು, ಆದರೆ ನೀತಿಯ ದೃಷ್ಟಿಯಿಂದ ಇವುಗಳಲ್ಲಿ ಆಕ್ಷೇಪಿಸುವಂಥದು ಏನೂ ಇಲ್ಲವೆಂದು ತೀರ್ಪಿತ್ತನು.

ಇಷ್ಟರಲ್ಲಿ ಪೈಪೋಟಿಯು ಹುಟ್ಟಿಕೊಂಡಿತ್ತು. ಬೀಡಲರ ಬಳಿಯೇ ಕೆಲಸಕ್ಕಿದ್ದ ಜಾರ್ಜ್ ಮನ್ರೋ ಎಂಬವನು 1863ರಲ್ಲಿ ಹೊರಬಂದು, ತಾನೂ ಹತ್ತು ಸೆಂಟಿನ ಕಾದಂಬರಿಗಳನ್ನು ಅಚ್ಚುಹಾಕಿಸತೊಡಗಿದನು. ಅವನ ಹಿಂದೆ ಇತರರೂ ಬಂದರು. ಎಲ್ಲರ ಪುಸ್ತಕಕ್ಕೂ ಒಂದೇ ಬೆಲೆ, ಒಂದೇ ಗಾತ್ರ. ಕೊಳ್ಳುವವನನ್ನು ಸೆಳೆಯಲು ಉಳಿದ ಉಪಾಯ ಒಂದೇ: ಪುಟಪುಟಕ್ಕೂ ಹೆಚ್ಚು ರೋಮಾಂಚನ, ಹೆಚ್ಚು ಬಂದೂಕಿನ ಸದ್ದು, ಹೆಚ್ಚು ಹೆಣಗಳು. ಪೈಪೋಟಿಯನ್ನು ಹೇಗೆ ಎದುರಿಸಿದಿರೆಂದು ಕೇಳಿದಾಗ, ಮುಂದಿನ ಕಥೆಯಲ್ಲಿ ಇನ್ನೂ ಕೆಲವು ಮಂದಿ ಇಂಡಿಯನ್ನರನ್ನು ಕೊಲ್ಲಿಸಿದೆವು ಎಂಬರ್ಥದ ಮಾತನ್ನು ವಿಕ್ಟರನು ಹೇಳಿದನೆಂದು ಒಂದು ಕಥೆ ಪ್ರಚಾರದಲ್ಲಿದೆ. ಇಂಡಿಯನ್ನರೆಂದರೆ ಅಮೆರಿಕದ ಮೂಲನಿವಾಸಿಗಳು. ಕೊಲಂಬಸನು ತಾನು ಮುಟ್ಟಿದ್ದು ಇಂಡಿಯಾ ದೇಶವೆಂದು ತಪ್ಪಾಗಿ ತಿಳಿದುದರಿಂದ ಅವರಿಗೆ ಅಂಟಿದ ಹೆಸರು.

ವಿಕ್ಟರನು ಅದನ್ನು ವಿನೋದಕ್ಕಾಗಿ ಆಡಿದ್ದಿರಬಹುದು. ಆದರೆ ಅದು ಬರಿಯ ವಿನೋದವಾಗಿ ಉಳಿಯಲಿಲ್ಲ. ಮಲೇಸ್ಕಾಳ ಕಣ್ಣೀರಿನಿಂದ ಮೊದಲಾದ ಮಾಲೆಯಲ್ಲಿ ಮೂಲನಿವಾಸಿಯು ಬರಬರುತ್ತ ಪೊದೆಯ ಮರೆಯಿಂದ ಕಿರುಚುತ್ತ ಹಾರಿಬರುವ, ನಾಯಕನ ಗುಂಡಿಗೆ ಬೀಳುವುದಕ್ಕಾಗಿಯೇ ಹುಟ್ಟಿದ ಪ್ರಾಣಿಯಾಗಿಹೋದನು. ಅವನಿಗೂ ಮನೆಯಿದೆ, ಭಾಷೆಯಿದೆ, ಕಸಿದುಕೊಂಡ ಭೂಮಿಗಾಗಿ ಅವನು ಹೋರಾಡುತ್ತಿದ್ದಾನೆ ಎಂಬ ಅರಿವು ಓದುವ ಹುಡುಗನಿಗೆ ಹೇಗೆ ಬರಬೇಕು? ಹುಡುಗರು ಪುಸ್ತಕದಲ್ಲಿ ಇದನ್ನು ಓದುತ್ತಿದ್ದಾಗ ಪಶ್ಚಿಮದ ಬಯಲುಗಳಲ್ಲಿ ನಡೆದುದು ಕಟ್ಟುಕಥೆಯಲ್ಲ. 1864ರ ನವೆಂಬರಿನಲ್ಲಿ ಕೊಲೊರಾಡೋದ ಸ್ಯಾಂಡ್ ಕ್ರೀಕ್ ಎಂಬಲ್ಲಿ ಶಾಂತವಾಗಿ ಬೀಡುಬಿಟ್ಟಿದ್ದ ಷಾಯನ್ ಮತ್ತು ಅರಾಪಹೋ ಜನರ ಮೇಲೆ ಸೈನಿಕರು ಬಿದ್ದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀ ಎಂಬಲ್ಲಿ ಲಕೋಟಾ ಜನರಿಗೂ ಅದೇ ಗತಿಯಾಯಿತು. ಅಶ್ಲೀಲವಾದ ಒಂದು ಪದವನ್ನೂ ಒಳಗೆ ಬಿಡದಂತೆ ಬಾಗಿಲು ಕಾದ ಸಂಪಾದಕನು ಇಷ್ಟು ದೊಡ್ಡ ಅನ್ಯಾಯವು ಅದೇ ಬಾಗಿಲಿನಿಂದ ಒಳಬಂದುದನ್ನು ತಡೆಯಲಿಲ್ಲ. ಕಪ್ಪು ಗುಲಾಮರ ಗೋಳನ್ನು ಹೇಳಿದ ಪುಸ್ತಕ ಅವನ ಮನೆಯಿಂದಲೇ ಬಂದಿತ್ತು. ಅಂಥವನು ಇಲ್ಲಿ ಏಕೆ ಕುರುಡಾದನು? ಕಾಲದ ದೋಷವೆನ್ನಬಹುದು, ವ್ಯಾಪಾರದ ಒತ್ತಡವೆನ್ನಬಹುದು. ಆದರೆ ಅದು ಅವನ ಕೆಲಸದ ಮೇಲೆ ಬಿದ್ದ ಕಲೆಯೆಂಬುದನ್ನು ಮರೆಮಾಚಲಾಗದು.

1877ರಲ್ಲಿ ಬೀಡಲರು ಐದು ಸೆಂಟಿನ ಮಾಲೆಯನ್ನೇ ಆರಂಭಿಸಿದರು. ಅದರ ಮೊದಲ ಸಂಖ್ಯೆಯಲ್ಲಿ ಎಡ್ವರ್ಡ್ ವೀಲರ್ ಎಂಬವನು ಸೃಷ್ಟಿಸಿದ ಡೆಡ್‌ವುಡ್ ಡಿಕ್ ಎಂಬ ನಾಯಕನು ಕಾಣಿಸಿಕೊಂಡನು. ಕಪ್ಪು ಉಡುಪು, ಮುಖಕ್ಕೆ ಮುಸುಕು. ದಾರಿಹೋಕರನ್ನು ಅಡ್ಡಗಟ್ಟುವ ದರೋಡೆಗಾರ! ಅನ್ಯಾಯಕ್ಕೆ ಸಿಕ್ಕಿ ಕಳ್ಳನಾದವನು, ದುಷ್ಟ ಧನಿಕರ ಶತ್ರು ಎಂದು ಲೇಖಕನು ಸಮಾಧಾನ ಹೇಳಿದರೂ, ಹಳೆಯ ನಿಯಮಪತ್ರವು ಎಷ್ಟು ಸಡಿಲವಾಗಿತ್ತೆಂಬುದು ಇದರಿಂದಲೇ ತಿಳಿಯುತ್ತದೆ. ಹುಡುಗರಿಗಂತೂ ಹುಚ್ಚು ಹಿಡಿಯಿತು. ಭೂಗೋಳದ ಪುಸ್ತಕದೊಳಗೆ ಬಚ್ಚಿಟ್ಟು ಓದುವುದು, ಹುಲ್ಲಟ್ಟದ ಮೇಲೆ ಅಡಗಿ ಕುಳಿತು ಓದುವುದು, ಸಿಕ್ಕಿಬಿದ್ದು ಏಟು ತಿನ್ನುವುದು ಆ ಪೀಳಿಗೆಯ ಬಾಲ್ಯದ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. 1883ರಲ್ಲಿ ಆ್ಯಂಥೊನಿ ಕಾಮ್‌ಸ್ಟಾಕ್ ಎಂಬ ಕಟ್ಟಾ ನೀತಿವಾದಿಯು ಎಳೆಯರಿಗೆ ಒಡ್ಡಿದ ಬೋನುಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ಅಗ್ಗದ ಕಥೆಪುಸ್ತಕಗಳನ್ನು ಅಂಥ ಬೋನುಗಳ ಸಾಲಿಗೆ ಸೇರಿಸಿದನು. ಇಪ್ಪತ್ತು ವರ್ಷಗಳ ಹಿಂದೆ ನಿರ್ದೋಷಿಯೆನಿಸಿಕೊಂಡಿದ್ದ ಡೈಮ್ ಕಾದಂಬರಿಯು ಈಗ ಆರೋಪಿಯ ಕಟಕಟೆಯಲ್ಲಿ ನಿಂತಿತು.

1885ರಲ್ಲಿ ಮೆಟ್ಟಾಳು ತೀರಿಕೊಂಡಳು. ಪತಿಯೂ ಮಕ್ಕಳೂ ಉಳಿದರು. ಅವಳ ಅಕ್ಕ ಫ್ರಾನ್ಸೆಸಳು ದೂರದ ಆರಿಗನ್ ಪ್ರಾಂತಕ್ಕೆ ಹೋಗಿ ಅಲ್ಲಿನ ಇತಿಹಾಸವನ್ನು ಸಂಶೋಧಿಸುತ್ತಿದ್ದಳು. ಬ್ಯಾಂಕ್ರಾಫ್ಟ್ ಎಂಬ ಪ್ರಕಾಶಕನ ಇತಿಹಾಸಮಾಲೆಗೆ ಆಕೆ ಹಲವು ಸಂಪುಟಗಳನ್ನು ಬರೆದುಕೊಟ್ಟರೂ ಮುಖಪುಟದಲ್ಲಿ ಅಚ್ಚಾದದ್ದು ಬ್ಯಾಂಕ್ರಾಫ್ಟನ ಹೆಸರೊಂದೇ. ಬರೆದವರ ಹೆಸರು ಮರೆಯಾಗುವುದು ಆ ಮನೆಯವರ ಹಣೆಯ ಬರಹವೋ ಏನೋ!

ವಿಕ್ಟರನು ಕುರ್ಚಿಯನ್ನು ಬಿಡಲಿಲ್ಲ. ಪಾಲುಗಾರರು ಒಬ್ಬೊಬ್ಬರಾಗಿ ಕಾಲವಾದರು. ಎರಾಸ್ಟಸ್ ಬೀಡಲನು ವ್ಯಾಪಾರದಿಂದ ನಿವೃತ್ತನಾಗಿ ಹುಟ್ಟೂರಿನ ಬಳಿಗೆ ಮರಳಿ, 1894ರಲ್ಲಿ ಕೂಪರ್ಸ್‌ಟೌನಿನಲ್ಲಿ ಮರಣ ಹೊಂದಿದನು. 1896ರಲ್ಲಿ ಒರಟುಕಾಗದದ ಮೇಲೆ ಅಚ್ಚಾದ, ಪೂರ್ತಿ ಕಥೆಗಳೇ ತುಂಬಿದ ದಪ್ಪ ಮಾಸಪತ್ರಿಕೆಯೊಂದು ಹತ್ತು ಸೆಂಟಿಗೇ ದೊರೆಯತೊಡಗಿತು. ಅಷ್ಟೇ ಹಣಕ್ಕೆ ಹತ್ತು ಕಥೆಗಳು ಸಿಕ್ಕುವಾಗ ಒಂದೇ ಕಥೆಯನ್ನು ಯಾರು ಕೊಳ್ಳುವರು? 1897ರಲ್ಲಿ ವಿಕ್ಟರನು ಸಂಪಾದಕತ್ವವನ್ನು ಬಿಟ್ಟನು. ಸಂಸ್ಥೆಯೂ ಅದರ ಬೆನ್ನಿಗೇ ಮುಚ್ಚಿಹೋಯಿತು. ನ್ಯೂಜೆರ್ಸಿಯ ಹೊಹೋಕಸ್ ಎಂಬ ಊರಿನ ತನ್ನ ಮನೆಯಲ್ಲಿ ಅವನು ಇನ್ನೂ ಹದಿಮೂರು ವರ್ಷ ಬಾಳಿ, 1910ರಲ್ಲಿ ತೀರಿಕೊಂಡನು.

ಹತ್ತು ಸೆಂಟಿನ ಪುಸ್ತಕಗಳನ್ನು ಯಾರೂ ಕಪಾಟಿನಲ್ಲಿ ಜೋಪಾನ ಮಾಡಿರಲಿಲ್ಲ. ಓದಿದವು ಒಲೆ ಸೇರಿದವು, ಕಸ ಸೇರಿದವು. ಆದರೆ ಗ್ರಂಥಸ್ವಾಮ್ಯದ ಕಾನೂನಿನಂತೆ ಪ್ರಕಾಶಕರು ಸರ್ಕಾರಕ್ಕೆ ಒಪ್ಪಿಸಿದ್ದ ಪ್ರತಿಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಳಿದುಕೊಂಡವು. ಎಲ್ಲ ಪ್ರಕಾಶಕರವೂ ಸೇರಿ ಅಲ್ಲಿ ಸುಮಾರು 40,000 ಡೈಮ್ ಕಾದಂಬರಿಗಳಿವೆ. 1922ರಲ್ಲಿ ಸಂಗ್ರಾಹಕನೊಬ್ಬನು ತಾನು ಕೂಡಿಟ್ಟಿದ್ದ ಬೀಡಲ್ ಪುಸ್ತಕಗಳನ್ನು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಕ್ಕೆ ದಾನ ಮಾಡಿದನು. ಇವೆಲ್ಲವನ್ನೂ ಹುಡುಕಿ ತೆಗೆದು ಚರಿತ್ರೆ ಬರೆದವನು ಸಾಹಿತ್ಯದ ಪ್ರಾಧ್ಯಾಪಕನಲ್ಲ. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಶಿಲೆಗಳ ರಚನೆಯನ್ನು ಅಭ್ಯಾಸ ಮಾಡುತ್ತಿದ್ದ ಆಲ್ಬರ್ಟ್ ಜೊಹಾನ್‌ಸನ್ ಎಂಬ ವಿಜ್ಞಾನಿ. ಕಲ್ಲಿನ ತೆಳುಬಿಲ್ಲೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ತಾಳ್ಮೆಯನ್ನು ಅವನು ಹರಿದ ಪುಸ್ತಕಗಳ ಮೇಲೂ ತೋರಿದನು. ಯಾವ ಕಾವ್ಯನಾಮದ ಹಿಂದೆ ಯಾರಿದ್ದರೆಂದು ಪತ್ತೆಹಚ್ಚಿ, ವಿಕ್ಟರನೂ ಸೇರಿದಂತೆ ಅವರ ಜೀವನದ ವಿವರಗಳನ್ನು ಕಲೆಹಾಕಿ, 1950ರಲ್ಲಿ ಬೀಡಲ್ ಸಂಸ್ಥೆಯ ಬೃಹತ್ ಚರಿತ್ರೆಯನ್ನು ಪ್ರಕಟಿಸಿದನು. ಮುಂದೆ 2003ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು 'ದಿ ಡೆಡ್ ಲೆಟರ್' ಕಾದಂಬರಿಯನ್ನು ಮರಳಿ ಅಚ್ಚುಹಾಕಿಸಿತು. ಈ ಸಲ ಹೊದಿಕೆಯ ಮೇಲೆ ಇದ್ದುದು ಮೆಟ್ಟಾ ಫುಲ್ಲರ್ ವಿಕ್ಟರ್ ಎಂಬ ಹೆಸರು.